ಬೇಸಿಗೆ ಶಿಬಿರವೂ ಒಂದು ಬಂಡವಾಳವೇ

ಏಪ್ರಿಲ್ ತಿಂಗಳಿನಲ್ಲಿ ವರ್ತಕ ಬಾಂಧವರು ಹಿಂದಿನ ಸಾಲಿನ ಲೆಕ್ಕಪತ್ರಗಳನ್ನು ಮುಕ್ತಾಯಗೊಳಿಸುವ ಕಾರ್ಯದಲ್ಲಿ ಮಗ್ನರಾಗಿರುವಾಗಲೇ ಅವರ ಮನೆಯ ಮಕ್ಕಳಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಪಟ್ಟಣಗಳಲ್ಲಿ ಈ ರಜೆಗಾಗಿ ಎರಡು ಬಗೆಯ ಶಿಬಿರಗಳು ಸಿದ್ಧವಾಗಿರುತ್ತವೆ. ಗಣಿತ, ವಿಜ್ಞಾನ, ಕಂಪ್ಯೂಟರ್ ಕಲಿಸುವಂಥವು ಒಂದು ಬಗೆ. ಚಿತ್ರಕಲೆ, ಹಾಡು, ನಾಟಕ ಕಲಿಸುವಂಥವು ಇನ್ನೊಂದು ಬಗೆ. ಮೊದಲನೆಯದು ಭವಿಷ್ಯಕ್ಕೆ, ಎರಡನೆಯದು ಕಾಲಕ್ಷೇಪಕ್ಕೆ ಎಂಬ ಭಾವನೆ ಪೋಷಕರಲ್ಲಿ ಬೇರೂರಿದೆ. ಈ ವಿಂಗಡಣೆಯಿಂದ ತೆಂಗಿನ ಸೀಮೆಯ ವ್ಯಾಪಾರಕ್ಕೂ ನಷ್ಟವಿದೆ ಎಂಬುದು ಆಲೋಚಿಸತಕ್ಕ ಸಂಗತಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವಹಿವಾಟು ಬಹುಮಟ್ಟಿಗೆ ಉಂಡೆ ಕೊಬ್ಬರಿಯನ್ನೇ ನೆಚ್ಚಿಕೊಂಡಿದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂ. ಇದ್ದಾಗ್ಯೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಧಾರಣೆ ಆ ವರ್ಷದ ಬೆಂಬಲ ಬೆಲೆಯಾದ 12,100 ರೂ.ಗಳ ಎರಡು ಪಟ್ಟನ್ನೂ ಮೀರಿತು. ಇಳಿದಾಗ ಬೆಳೆಗಾರನಿಗೆ ಸಂಕಟ, ಏರಿದಾಗ ಕೊಬ್ಬರಿ ಕೊಳ್ಳುವ ಸಣ್ಣ ಉದ್ಯಮಿಗೆ ಸಂಕಟ. ಒಂದೇ ಸರಕನ್ನು ಚೀಲಕ್ಕೆ ತುಂಬಿ ಉತ್ತರ ಭಾರತಕ್ಕೆ ಕಳುಹಿಸುವ ವ್ಯಾಪಾರದ ಹಣೆಬರಹವೇ ಇಂಥದು. ಕೊಬ್ಬರಿ, ನಾರು, ಚಿಪ್ಪುಗಳಿಂದ ಬಗೆಬಗೆಯ ಪದಾರ್ಥಗಳನ್ನು ತಯಾರಿಸಿದರೆ ಮಾತ್ರ ಈ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಬಂದೀತು. ಅಂಥ ಪದಾರ್ಥ ಕೆಡದಂತೆ ಉಳಿಯಲು ವಿಜ್ಞಾನ ಬೇಕು. ಗ್ರಾಹಕನ ಕಣ್ಣಿಗೆ ಒಪ್ಪಲು ಕಲೆ ಬೇಕು. ಎರಡನ್ನೂ ಬಲ್ಲ ಕೈಗಳು ಎಲ್ಲಿಂದ ಬರಬೇಕು?

ಇವೆರಡನ್ನೂ ಒಟ್ಟಿಗೆ ಕಾಣುವ ದೃಷ್ಟಿ ಕನ್ನಡ ನಾಡಿಗೆ ಹೊಸದಲ್ಲ. ಯಕ್ಷಗಾನಕ್ಕಾಗಿ ಜೀವನವಿಡೀ ದುಡಿದ ಡಾ. ಶಿವರಾಮ ಕಾರಂತರೇ 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಸರ್ ಸಿ.ವಿ. ರಾಮನ್ ಅವರು 1920ರಲ್ಲಿಯೇ ಮೃದಂಗ, ತಬಲಗಳ ನಾದವನ್ನು ಪರಿಶೀಲಿಸಿ, ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರದಿಂದಲೇ ಅವುಗಳ ನಾದಕ್ಕೆ ಇಂಪು ಬರುತ್ತದೆಂದು ತೋರಿಸಿದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ ಮತ್ತು ವಿಜ್ಞಾನಗಳ ನಡುವೆ ಗೋಡೆ ಸಲ್ಲದೆಂದಿತು. 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ಕಲಾವಿದರ ಬಳಿ ಕಲಿಯಲೆಂದು ಸೂಚಿಸಿತು. ಆ ನೀತಿಯ ಕುರಿತು ಕರ್ನಾಟಕದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಹತ್ತು ದಿನಗಳ ಈ ಸೂಚನೆಯನ್ನು ಬೇಸಿಗೆಯಲ್ಲಿ ಆಚರಣೆಗೆ ತರಲು ಯಾವ ಅಡ್ಡಿಯೂ ಇಲ್ಲ. ಮೈಸೂರಿನ ರಂಗಾಯಣವು ಬೇಸಿಗೆಯಲ್ಲಿ ಚಿನ್ನರ ಮೇಳವನ್ನು ನಡೆಸಿಕೊಂಡು ಬಂದಿದೆ. ಆದರೆ ಶೆಟ್ಟಿಕೆರೆಯ ಮಗುವಿಗೆ ಮೈಸೂರು ದೂರ. ಶೆಟ್ಟಿಕೆರೆಯಂಥ ಹೋಬಳಿ ಕೇಂದ್ರದಲ್ಲಿಯೇ ಹತ್ತು ದಿನಗಳ ಶಿಬಿರವೊಂದು ಏಕಾಗಬಾರದು?

ಅದಕ್ಕೆ ಬೇಕಾದ ಸಾಮಗ್ರಿ ತೋಟದಲ್ಲಿಯೂ ಅಟ್ಟದ ಮೇಲೂ ಇದೆ. ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿದ್ದ ಕಾಯನ್ನು ಅಲುಗಾಡಿಸಿ, ಒಳಗಿನ ಗಿಟುಕಿನ ಸದ್ದಿನಿಂದಲೇ ಕೊಬ್ಬರಿಯಾಯಿತೆಂದು ಹೇಳುವ ರೈತನೇ ಮೊದಲ ದಿನದ ಗುರುವಾಗಬಹುದು. ಮಕ್ಕಳು ಹಸಿ ಕಾಯಿಯ ಹೋಳನ್ನು ತೂಗಿ, ಒಣಗಿಸಿ, ಮರಳಿ ತೂಗಿ ತೇವಾಂಶದ ಶೇಕಡಾವಾರು ಲೆಕ್ಕ ಹಾಕಲಿ. ಅದೇ ಹೋಳಿನ ಚಿತ್ರ ಬರೆಯಲಿ. ನಾರಿನ ಹುಡಿ ತನ್ನ ತೂಕದ ಎಷ್ಟು ಪಟ್ಟು ನೀರನ್ನು ಹೀರುವುದೆಂದು ಅಳೆಯಲಿ. ಅದೇ ಹುಡಿಯಲ್ಲಿ ಸಸಿ ನೆಟ್ಟು, ಕುಂಡಕ್ಕೆ ರೂಪ ಕೊಡಲಿ. ಚಿಪ್ಪನ್ನು ಉಜ್ಜಿ ಹೊಳಪು ಬರಿಸಲಿ. ಕೊಬ್ಬರಿ ಪೊಟ್ಟಣಕ್ಕೆ ಚೀಟಿಯ ನಮೂನೆ ಬರೆಯಲಿ. ಕೊನೆಯ ದಿನ ಕೊಬ್ಬರಿ ಧಾರಣೆಯ ಏರಿಳಿತವನ್ನೇ ವಸ್ತುವಾಗಿಸಿ ಮೂಡಲಪಾಯದ ಧಾಟಿಯಲ್ಲಿ ಆಟ ಕಟ್ಟಲಿ. ಊರವರು ಕುಳಿತು ನೋಡಲಿ.

ಇನ್ನು ವೆಚ್ಚದ ಮಾತು. 2013ರ ಕಂಪನಿ ಕಾಯ್ದೆಯನ್ವಯ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವು 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ ಮಾತ್ರ ಕಡ್ಡಾಯ. ಮಂಡಿ ವರ್ತಕರಿಗಾಗಲಿ, ನಾರಿನ ಘಟಕಗಳಿಗಾಗಲಿ ಅದು ಸಾಮಾನ್ಯವಾಗಿ ಅನ್ವಯಿಸದು. ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯುಂಟು. ಆದರೆ 2,000 ರೂ. ಮೀರಿದ ನಗದು ದೇಣಿಗೆಗೆ ಅದು ದೊರೆಯದು, ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೂ ದೊರೆಯದು. ಆದ್ದರಿಂದ ರಿಯಾಯಿತಿಯನ್ನೇ ನೆಚ್ಚಿ ಈ ಕಾರ್ಯಕ್ಕೆ ಇಳಿಯುವುದು ತರವಲ್ಲ. ಶಾಲೆಯ ಕೊಠಡಿ, ಮಧ್ಯಾಹ್ನದ ಊಟ, ಕಲಾವಿದರಿಗೂ ವಿಜ್ಞಾನ ಶಿಕ್ಷಕರಿಗೂ ಗೌರವಧನ, ಒಂದೆರಡು ತಕ್ಕಡಿ, ಬಣ್ಣ, ಕಾಗದ ಇಷ್ಟೇ ಖರ್ಚಿನ ಬಾಬುಗಳು. ಹತ್ತಾರು ವರ್ತಕರು ಹಂಚಿಕೊಂಡರೆ ಯಾರೊಬ್ಬರಿಗೂ ಹೊರೆಯಾಗದು.

ಎರಡು ಎಚ್ಚರಿಕೆಗಳು ಅವಶ್ಯ. ಕಾರ್ಖಾನೆ ತೋರಿಸುವ ನೆಪದಲ್ಲಿ ಮಕ್ಕಳಿಂದ ದುಡಿಸಿಕೊಳ್ಳುವುದು ಕೂಡದು. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದು ಕಾನೂನಿನಂತೆ ಅಪರಾಧ. ಓಡುವ ಯಂತ್ರದ ಬಳಿಗೆ ಮಕ್ಕಳನ್ನು ಬಿಡಲೇಬಾರದು. ಎರಡನೆಯದಾಗಿ, ಶಿಬಿರ ಮುಗಿದ ಕೂಡಲೇ ಜಮಾ-ಖರ್ಚಿನ ತಃಖ್ತೆಯನ್ನು ಶಾಲೆಯ ಗೋಡೆಯ ಮೇಲೆ ಹಚ್ಚಬೇಕು. ಲೆಕ್ಕ ತೋರಿಸಿದ ಕಡೆಗೆ ಮರುವರ್ಷವೂ ಹಣ ಬರುತ್ತದೆ.

ತೆಂಗಿನ ಸಸಿ ನೆಟ್ಟವನು ಅದೇ ವರ್ಷ ಕಾಯಿ ಎಣಿಸುವುದಿಲ್ಲ. ಐದಾರು ವರ್ಷ ನೀರು ಹೊಯ್ದು ಕಾಯುವ ಗುಣ ಈ ಸೀಮೆಯ ಜನರಿಗೆ ರಕ್ತಗತ. ಮುಂಬರುವ ಬೇಸಿಗೆಯ ಹತ್ತು ದಿನಗಳನ್ನೂ ಅದೇ ತಾಳ್ಮೆಯಿಂದ ಕಾಣಬೇಕಾಗಿದೆ. ಆ ಖರ್ಚನ್ನು ವರ್ಷದ ನಷ್ಟದ ಪಟ್ಟಿಗೆ ಸೇರಿಸದೆ ಬಂಡವಾಳದ ಬಾಬಿನಲ್ಲಿ ಬರೆದುಕೊಳ್ಳುವ ವರ್ತಕರು ಹೋಬಳಿಗೆ ಹತ್ತು ಮಂದಿ ಮುಂದೆ ಬಂದರೂ ಸಾಕು.