ವಿಚಾರಣೆಗೆ ಮುನ್ನವೇ ಶಿಕ್ಷೆ

ವಂದನೀಯ ಸ್ಟ್ಯಾನ್ ಸ್ವಾಮಿಯವರ ಹೆಸರೆತ್ತಿದೊಡನೆ ನಮ್ಮ ಕುಟುಂಬಗಳಲ್ಲಿ ಇಂದಿಗೂ ಕೇಳಿಬರುವುದು ಆ ಹೀರುಕೊಳವೆಯ ಮಾತು. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದ ಆ ವೃದ್ಧ ಯೇಸುಸಭೆಯ ಗುರು, ನೀರು ಕುಡಿಯುವ ಹೀರುಕೊಳವೆಗಾಗಿ 2020ರ ನವೆಂಬರಿನಲ್ಲಿ ನ್ಯಾಯಾಲಯದ ಮೊರೆಹೋಗಬೇಕಾಯಿತು. ತನಿಖಾ ಸಂಸ್ಥೆಯು ಉತ್ತರಿಸಲು 20 ದಿನಗಳ ಕಾಲಾವಕಾಶ ಬೇಡಿತು. ಜನರ ಆಕ್ರೋಶ ಸಹಜವೇ. ಆದರೆ ಅದು ಕೊಳವೆಯ ಬಳಿಯೇ ನಿಂತುಬಿಟ್ಟರೆ ಸಾಲದೆಂಬುದು ನಮ್ಮ ಅಭಿಪ್ರಾಯ.

2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿತರಾದ ಅವರು, 2021ರ ಜುಲೈ 5ರಂದು, 84ನೆಯ ವಯಸ್ಸಿನಲ್ಲಿ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವಿಚಾರಣಾಧೀನ ಕೈದಿಯಾಗಿಯೇ ದೈವಾಧೀನರಾದರು. ಮಾವೋವಾದಿಗಳ ನಂಟಿನ ಆರೋಪವನ್ನು ಅವರು ನಿರಾಕರಿಸಿದ್ದರು. ಅದರ ಸತ್ಯಾಸತ್ಯತೆಯ ವಿಚಾರಣೆ ಆರಂಭವಾಗಿರಲೇ ಇಲ್ಲ. ಜಾಮೀನಿಗೆ ಅಡ್ಡಬಂದದ್ದು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯಿದೆಗೆ 2008ರಲ್ಲಿ ಸೇರಿಸಲಾದ 43ಡಿ(5) ಉಪವಿಧಿ. ಆರೋಪವು ಮೇಲ್ನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನಿಲ್ಲ. ಕಾರಣದ ಹಿಂದೆ ಕಾರ್ಯ ಬರುವುದು ತರ್ಕದ ಮೊದಲ ಪಾಠ. ಇಲ್ಲಿ ಶಿಕ್ಷೆಯ ಹಿಂದೆ ವಿಚಾರಣೆ ಬರುತ್ತದೆ, ಬಂದರೆ! ಸರ್ಕಾರ ಬದಲಾದರೂ ಈ ಉಪವಿಧಿ ಬದಲಾಗಲಿಲ್ಲವೆಂಬುದನ್ನು ಎಲ್ಲ ಪಕ್ಷಗಳ ಅಭಿಮಾನಿಗಳೂ ಗಮನಿಸಬೇಕು.

ಹಿಂದೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಅವರು ನಮ್ಮ ನಾಡಿಗೆ ಅಪರಿಚಿತರಲ್ಲ. ಝಾರ್ಖಂಡಿನಲ್ಲಿ 2016ರಲ್ಲಿ ಅವರು ಹೊರತಂದ ಅಧ್ಯಯನ ವರದಿಯ ವಿಷಯವೇ ಸೆರೆಮನೆಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಆದಿವಾಸಿಗಳು. 2022ರ ಸರ್ಕಾರಿ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ನಾಲ್ವರಿಗೆ ಮೂವರು ವಿಚಾರಣಾಧೀನರು. ಅವರ ಹೆಸರು ಹಿಡಿದು ಮರುಗುವವರಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದಾರೆ. ಜಿಲ್ಲಾ ಕಾರಾಗೃಹದಲ್ಲಿ ಜಾಮೀನುದಾರರಿಲ್ಲದೆ ಉಳಿದವರು ಎಷ್ಟು ಮಂದಿಯೆಂದು ಅವರು ಈ ತಿಂಗಳೊಳಗೆ ವಿಚಾರಿಸಿಯಾರೆ?