ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ

‘ಮಗು ಚೆನ್ನಾಗಿ ಆಡುತ್ತಿದೆ, ಸ್ಕ್ಯಾನಿಂಗ್ ಯಾಕೆ?’ ಎಂದು ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಿರಿಯರು ಕೇಳುವುದುಂಟು. ಯುನಾನಿ ವೈದ್ಯನಾಗಿ ಹೇಳುತ್ತೇನೆ: ನಾಡಿ ಹಿಡಿದು ಮಗುವಿನ ಹೃದಯದ ಕೋಣೆಗಳನ್ನಾಗಲಿ ಬೆನ್ನುಹುರಿಯನ್ನಾಗಲಿ ನೋಡಲಾಗದು. 18ರಿಂದ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಅವು ಕಾಣುತ್ತವೆ. ಇದು ಎಕ್ಸ್‌-ರೇ ಅಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಮೂಡುವ ಚಿತ್ರ.

ಮಾಸು ಎಲ್ಲಿದೆ ಎಂಬುದೂ ಇದರಲ್ಲಿ ತಿಳಿಯುತ್ತದೆ. ಅದು ಕೊನೆಯವರೆಗೂ ಗರ್ಭದ ಬಾಯಿಗೆ ಅಡ್ಡವಿದ್ದರೆ ವಿಪರೀತ ರಕ್ತಸ್ರಾವವಾಗಬಹುದು. ಮೊದಲೇ ಗೊತ್ತಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧರಾಗಬಹುದು. ನಡುರಾತ್ರಿ ಚಿತ್ರದುರ್ಗಕ್ಕೆ ಓಡುವುದು ತಪ್ಪುತ್ತದೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಸೊಸೆಯನ್ನು ಕರೆದೊಯ್ಯಿರಿ. ಆದರೆ ಗಂಡೋ ಹೆಣ್ಣೋ ಎಂದು ಕೇಳಬೇಡಿ. 1994ರ ಕಾಯ್ದೆಯಂತೆ ಅದನ್ನು ತಿಳಿಸುವುದು ಅಪರಾಧ. ಯಾವ ಮಗುವಾದರೂ ಅಲ್ಲಾಹನ ಅಮಾನತ್ತೇ.