ಮೋತಿ ಸತ್ತ ಸುದ್ದಿ ಮುಚ್ಚಿಟ್ಟಿದ್ದೇಕೆ?

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹಾಸ್ಟೆಲ್‌ನಿಂದ ಮೂಡಲಗಿ ಹತ್ತಿರದ ನಮ್ಮೂರಿಗೆ ಬಂದಿಳಿದಾಗ ಬಸ್ ನಿಲ್ಲುವ ಕಡೆ ಮೋತಿ ಇರಲಿಲ್ಲ. ಮನೆ ಬಾಗಿಲಲ್ಲೂ ಇರಲಿಲ್ಲ. ಅದರ ಸರಪಳಿ ಮಾತ್ರ ದನದ ಶೆಡ್ಡಿನ ಗೂಟಕ್ಕೆ ಹಾಗೇ ಇತ್ತು. “ಅವ್ವಾ, ಮೋತಿ ಎಲ್ಲಿ?” ಅಂದೆ. ಅವ್ವ ನೀರಿನ ತಂಬಿಗೆ ಕೈಗೆ ಕೊಟ್ಟು ಮುಖ ತಿರುಗಿಸಿದಳು. ಅದು ಸತ್ತು ಹದಿನೆಂಟು ದಿನಗಳಾಗಿದ್ದವು.

ಆ ದಿನಗಳಲ್ಲೂ ನಾನು ಫೋನ್ ಮಾಡುತ್ತಲೇ ಇದ್ದೆ. ಮೋತಿ ಬಗ್ಗೆ ಕೇಳಿದಾಗಲೆಲ್ಲ ಅವ್ವ “ಹೊಲದಾಗ ಐತಿ” ಎನ್ನುತ್ತಿದ್ದಳು. ಪೂರ್ತಿ ಸುಳ್ಳೇನಲ್ಲ. ಅಪ್ಪ ಅದನ್ನು ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದ್ದರು. “ಪರೀಕ್ಷಾ ಇದ್ದವಲ್ಲೋ, ನಿನ್ನ ಮನಸ್ಸು ಕೆಡಿಸೂದು ಬ್ಯಾಡ ಅಂತ ಹೇಳಲಿಲ್ಲ” ಎಂದಳು.

ಹುಕ್ಕೇರಿಯ ಮಾವನ ಮನೆಯಲ್ಲಿ ಹುಟ್ಟಿದ ಮರಿ ಅದು. ಚೀಲದಲ್ಲಿ ಹಾಕಿಕೊಂಡು ತರುವಾಗ ಗೋಕಾಕ ಬಸ್ ನಿಲ್ದಾಣದಲ್ಲಿ ಅಪ್ಪ ಕೊಂಡಿದ್ದ ಕರದಂಟಿನ ಪೊಟ್ಟಣವನ್ನೇ ಕಡಿದು ಹಾಕಿತ್ತು. ಅಪ್ಪನಿಗೆ ನಾಯಿ ಎಂದರೆ ಹೊಲ ಕಾಯಲು ಅಷ್ಟೇ. ಹಾಗಂತ ನಾವು ತಿಳಿದಿದ್ದೆವು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಬಂದಾಗ ಶಾಲೆಯಲ್ಲಿದ್ದ ಕಾಳಜಿ ಕೇಂದ್ರಕ್ಕೆ ಹೋದೆವು. ನಾಯಿಯನ್ನು ಒಳಗೆ ಬಿಡುವುದಿಲ್ಲ ಅಂದರು. ಅಪ್ಪ ಒಂದು ಮಾತೂ ಆಡದೆ ಗೋಣಿಚೀಲ ತಗೊಂಡು ಹೊರಗಿನ ಕಟ್ಟೆಗೆ ಹೋದರು. ಮಳೆಯಲ್ಲಿ ನಾಲ್ಕು ರಾತ್ರಿ ಅಲ್ಲೇ ಮೋತಿ ಪಕ್ಕ ಮಲಗಿದರು.

ಸುದ್ದಿ ತಿಳಿದ ದಿನ ರೂಮ್‌ಮೇಟ್‌ಗೆ ಫೋನ್ ಮಾಡಿ ಅತ್ತೆ. “ಮುಧೋಳ ನಾಯೇನು?” ಎಂದು ಕೇಳಿದ. ಅಲ್ಲ, ಸಾದಾ ಹಳ್ಳಿ ನಾಯಿ ಅಂದೆ. “ಹಂಗಾದ್ರ ಇನ್ನೊಂದು ತಂದ್ರಾತು ಬಿಡು!” ಅವನ ತಪ್ಪಿಲ್ಲ. ನಮ್ಮ ಪಕ್ಕದ ಮುಧೋಳದ ತಳಿಗೆ ಹೆಸರಿದೆ, 2005ರಲ್ಲಿ ಅಂಚೆ ಚೀಟಿಯೂ ಬಂತು, ಸೇನೆಯೂ ತರಬೇತಿಗೆ ಒಯ್ದಿತು. ಮೋತಿಗೆ ಇದ್ದದ್ದು ಒಂದು ಹರಿದ ಕಿವಿ. ಆದರೆ ತಳಿ ನೋಡಿ ದುಃಖ ಬರುತ್ತದೆಯೇ?

ನಾಯಿಗಾಗಿ ಅಳುವುದು ಈಗಿನ ಪ್ಯಾಟಿ ಹುಡುಗರ ಚಟ ಎನ್ನುವವರೂ ಇದ್ದಾರೆ. ಅವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ ನೋಡಬೇಕು. ಕ್ರಿ.ಶ. 949–50ರದು, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಭೂಮಿಯನ್ನೂ ಬಿಟ್ಟ. ನಾಯಿ, ಹಂದಿ ಹೋರಾಡುವ ಚಿತ್ರ ಅದರ ಮೇಲಿದೆ. ಯುದ್ಧ ಮಾಡಿದ ಗಂಡಸೇ ನಾಯಿಯ ನೆನಪಿಗೆ ನಾಚಿಕೊಳ್ಳಲಿಲ್ಲ.

ನನ್ನ ತಕರಾರು ಇರುವುದು ಮುಚ್ಚಿಡುವ ರೂಢಿಯ ಬಗ್ಗೆ. ಪರೀಕ್ಷೆ, ಸಂದರ್ಶನ ಅಂತ ಹೊರಗಿರುವ ಮಕ್ಕಳಿಗೆ ಮನೆಯವರು ಅಜ್ಜಿಯ ಕಾಯಿಲೆ, ಸಾಲ, ಎಮ್ಮೆ ಮಾರಿದ್ದು ಯಾವುದನ್ನೂ ಹೇಳುವುದಿಲ್ಲ. ಹೇಳಿದ್ದರೆ ನನ್ನ ಒಂದು ಪೇಪರ್ ಕೆಡುತ್ತಿತ್ತೇನೋ, ನಿಜ. ಅದನ್ನು ಮತ್ತೆ ಬರೆಯಬಹುದಿತ್ತು. ಮೋತಿಗೆ ಒಂದು ಹಿಡಿ ಮಣ್ಣು ಹಾಕಲು ಎರಡನೇ ಅವಕಾಶ ಎಲ್ಲಿಂದ ತರಲಿ?

“ಇನ್ನ ಮುಂದ ಏನೂ ಮುಚ್ಚಬ್ಯಾಡ್ರಿ” ಎಂದು ರೇಗಿದೆ. ಅಲ್ಲಿತನಕ ಸುಮ್ಮನಿದ್ದ ಅಪ್ಪ, “ನೀನೂ ಮುಚ್ಚಬ್ಯಾಡ” ಅಂದರು. ಅವರಿಗೆ ಏನು ಗೊತ್ತಿತ್ತೋ ತಿಳಿಯದು. ಮೂರನೇ ಸೆಮಿಸ್ಟರಿನ ಗಣಿತ ಇನ್ನೂ ಪಾಸಾಗಿಲ್ಲ ಎಂಬುದನ್ನು ನಾನು ಒಂದು ವರ್ಷದಿಂದ ಮನೆಯಲ್ಲಿ ಹೇಳಿರಲಿಲ್ಲ. ಅಂದು ಸಂಜೆ ಇಬ್ಬರೂ ಹೊಲಕ್ಕೆ ಹೋದೆವು. ಬೇವಿನ ಗಿಡದ ಕೆಳಗೆ ನಿಂತು ಅದನ್ನೂ ಹೇಳಿದೆ.